ಮೆಂಡೆಲ್ಸನ್ ಮತ್ತು ಚರ್ಚಿನ ಆರಾಧನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಯನ ತಂಡದ ಅಭ್ಯಾಸದ ಬಿಡುವಿನಲ್ಲಿ, ಮದುವೆ ಮುಗಿದು ಊಟಕ್ಕೆ ಕೂತಾಗ, ಕ್ರಿಸ್‌ಮಸ್ ಕಳೆದ ಮೇಲೆ ಬರುವ ಪತ್ರಗಳಲ್ಲಿ ಮೆಂಡೆಲ್ಸನ್ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವವೇ ಆಗಿರುತ್ತವೆ. ಅವುಗಳನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಜೋಡಿಸಿ, ಒಂದೊಂದಕ್ಕೂ ಬಿಡಿಯಾಗಿ ಓದಿಕೊಳ್ಳಬಹುದಾದ ಉತ್ತರ ಬರೆದಿದ್ದೇನೆ.

ಆರಂಭದ ಪ್ರಶ್ನೆಗಳು

ಮೆಂಡೆಲ್ಸನ್ ಅಂದರೆ ಯಾರು? ಚರ್ಚಿಗೂ ಅವನಿಗೂ ಏನು ಸಂಬಂಧ?

ಫೆಲಿಕ್ಸ್ ಮೆಂಡೆಲ್ಸನ್ 1809ರ ಫೆಬ್ರುವರಿ 3ರಂದು ಹ್ಯಾಂಬರ್ಗಿನಲ್ಲಿ ಹುಟ್ಟಿ, ಬರ್ಲಿನ್ನಿನಲ್ಲಿ ಬೆಳೆದು, 1847ರ ನವೆಂಬರ್ 4ರಂದು ಲೈಪ್‌ಜಿಗ್‌ನಲ್ಲಿ ತೀರಿಕೊಂಡ ಜರ್ಮನ್ ಸಂಗೀತಕಾರ. ಬದುಕಿದ್ದು ಮೂವತ್ತೆಂಟು ವರ್ಷ ಮಾತ್ರ. ಅಷ್ಟರಲ್ಲಿ ಆತ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ವಾದ್ಯವೃಂದವನ್ನು 1835ರಿಂದ ನಡೆಸಿದ, 1843ರಲ್ಲಿ ಅದೇ ಊರಿನಲ್ಲಿ ಸಂಗೀತ ಶಾಲೆಯೊಂದನ್ನು ಕಟ್ಟಿದ, ಇಂಗ್ಲೆಂಡಿಗೆ ಮತ್ತೆ ಮತ್ತೆ ಹೋಗಿ ಅಲ್ಲಿಯವರಿಗೆ ಮನೆಯ ಮಗನಂತಾದ.

ಚರ್ಚಿನೊಂದಿಗೆ ಆತನ ಸಂಬಂಧ ವಿಚಿತ್ರವಾದದ್ದು. ಕ್ರಿಸ್‌ಮಸ್ಸಿನಲ್ಲಿ ಜಗತ್ತಿನಾದ್ಯಂತ ಹಾಡುವ ಒಂದು ರಾಗ, ಮದುವೆಯ ಕೊನೆಯಲ್ಲಿ ನುಡಿಸುವ ಒಂದು ನಡಿಗೆಯ ಸಂಗೀತ, ಗಾಯನ ತಂಡಗಳು ಭಾನುವಾರ ಹಾಡುವ ಹಲವು ವೃಂದಗಾನಗಳು ಆತನವು. ಆದರೆ ಇವುಗಳಲ್ಲಿ ಹೆಚ್ಚಿನವನ್ನು ಆತ ಚರ್ಚಿನ ಆರಾಧನೆಗೆಂದು ಬರೆದಿರಲಿಲ್ಲ. ಆರಾಧನೆಗೆಂದೇ ಶ್ರದ್ಧೆಯಿಂದ ಬರೆದ ಕೃತಿಗಳು ಬೇರೆಯೇ ಇವೆ, ಅವುಗಳನ್ನು ಹಾಡುವವರು ಕಡಿಮೆ. ಕೆಳಗಿನ ಬಹುಪಾಲು ಪ್ರಶ್ನೆಗಳು ಸುತ್ತಿ ಬಳಸಿ ಬಂದು ನಿಲ್ಲುವುದು ಇಲ್ಲಿಯೇ.

ಅವನು ಯೆಹೂದಿಯೋ ಕ್ರೈಸ್ತನೋ?

ಹುಟ್ಟಿದ್ದು ಯೆಹೂದಿ ಮನೆತನದಲ್ಲಿ, ಅದೂ ಸಾಮಾನ್ಯ ಮನೆತನವಲ್ಲ. ಆತನ ಅಜ್ಜ ಮೋಸೆಸ್ ಮೆಂಡೆಲ್ಸನ್ ಹದಿನೆಂಟನೆಯ ಶತಮಾನದ ಹೆಸರಾಂತ ಯೆಹೂದಿ ತತ್ತ್ವಜ್ಞಾನಿ. ತಂದೆ ಆಬ್ರಹಾಂ ತನ್ನ ಮಕ್ಕಳಿಗೆ 1816ರಲ್ಲಿ ಪ್ರೊಟೆಸ್ಟೆಂಟ್ ಚರ್ಚಿನಲ್ಲಿ ದೀಕ್ಷಾಸ್ನಾನ ಮಾಡಿಸಿದ. ತಂದೆತಾಯಿ ತಾವು ದೀಕ್ಷಾಸ್ನಾನ ಪಡೆದದ್ದು ಆರು ವರ್ಷಗಳ ನಂತರ. ಕ್ರೈಸ್ತ ಗುರುತಿಗಾಗಿ ಬಾರ್ತೋಲ್ಡಿ ಎಂಬ ಹೆಸರನ್ನು ಸೇರಿಸಿಕೊಂಡು, ಮೆಂಡೆಲ್ಸನ್ ಎಂಬುದನ್ನು ಬಿಟ್ಟುಬಿಡು ಎಂದು ತಂದೆ ಒತ್ತಾಯಿಸಿದರೂ ಮಗ ಬಿಡಲಿಲ್ಲ, ಎರಡನ್ನೂ ಇಟ್ಟುಕೊಂಡ. ಆತನ ಲೂಥರನ್ ನಂಬಿಕೆ ತೋರಿಕೆಯದಾಗಿರಲಿಲ್ಲ ಎಂಬುದಕ್ಕೆ ಆತನ ಪತ್ರಗಳೂ, ಬೈಬಲ್ ವಚನಗಳನ್ನು ಆಯ್ದುಕೊಳ್ಳುವಾಗ ತೋರಿದ ಎಚ್ಚರವೂ ಸಾಕ್ಷಿ. ಹಾಗೆಯೇ ಅಜ್ಜನ ಹೆಸರನ್ನು ಆತ ಎಂದೂ ಮರೆಮಾಚಲಿಲ್ಲ.

ರೊಮ್ಯಾಂಟಿಕ್ ಸಂಗೀತಕಾರ ಎನ್ನುತ್ತೀರಿ. ಪ್ರೇಮಗೀತೆ ಬರೆದವನು ದೇವರ ಹಾಡು ಬರೆದದ್ದು ಹೇಗೆ?

ಇಲ್ಲಿ ರೊಮ್ಯಾಂಟಿಕ್ ಎಂದರೆ ಪ್ರಣಯ ಎಂದಲ್ಲ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಭಾವ, ಪ್ರಕೃತಿ, ಗತಕಾಲದ ಹಂಬಲ ಇವುಗಳಿಗೆ ಮುಖ್ಯ ಸ್ಥಾನ ಕೊಟ್ಟ ಒಂದು ಕಲಾಧೋರಣೆಯ ಹೆಸರು ಅದು. ನಮ್ಮ ನವೋದಯದ ಕವಿಗಳಿಗೂ ಈ ಮಾತನ್ನು ಬಳಸುತ್ತೇವಲ್ಲ, ಅದೇ ಅರ್ಥದಲ್ಲಿ. ಮೆಂಡೆಲ್ಸನ್‌ನಲ್ಲಿ ಈ ಗತಕಾಲದ ಹಂಬಲವೇ ಹಳೆಯ ಚರ್ಚು ಸಂಗೀತದ ಕಡೆಗೆ ತಿರುಗಿತು.

ಎಲ್ಲರೂ ಕೇಳಿರುವ ರಾಗಗಳು

‘ಹಾರ್ಕ್! ದ ಹೆರಾಲ್ಡ್ ಏಂಜಲ್ಸ್ ಸಿಂಗ್’ ಹಾಡನ್ನು ಅವನೇ ಬರೆದದ್ದಾ?

ರಾಗ ಆತನದು, ಆದರೆ ಹಾಡು ಆತನದಲ್ಲ. ಈ ರಾಗ ಈ ಮಾತುಗಳಿಗೆ ಸೇರಿದ್ದು ಆತ ಸತ್ತ ಎಂಟು ವರ್ಷಗಳ ಮೇಲೆ.

ಮಾತುಗಳನ್ನು ಇಂಗ್ಲೆಂಡಿನ ಮೆಥಡಿಸ್ಟ್ ಚಳವಳಿಯ ಚಾರ್ಲ್ಸ್ ವೆಸ್ಲಿ 1739ರಲ್ಲಿ ಪ್ರಕಟಿಸಿದ. ಆಗ ಅದರ ಮೊದಲ ಸಾಲು ಬೇರೆಯಾಗಿತ್ತು, ಅದರಲ್ಲಿ ದೂತರೇ ಇರಲಿಲ್ಲ. ಆ ಸಾಲನ್ನು ತಿದ್ದಿ ದೂತರನ್ನು ತಂದವನು ಬೋಧಕ ಜಾರ್ಜ್ ವೈಟ್‌ಫೀಲ್ಡ್, 1753ರಲ್ಲಿ. ಮುಂದಿನ ನೂರು ವರ್ಷ ಜನ ಅದನ್ನು ಬೇರೆ ಬೇರೆ ರಾಗಗಳಿಗೆ ಹಾಡಿಕೊಂಡರು.

ಇತ್ತ ಮೆಂಡೆಲ್ಸನ್ 1840ರಲ್ಲಿ ಲೈಪ್‌ಜಿಗ್‌ನಲ್ಲಿ ನಡೆದ ಮುದ್ರಣಕಲೆಯ ನಾನೂರನೆಯ ವರ್ಷದ ಉತ್ಸವಕ್ಕೆಂದು ಗಂಡು ದನಿಗಳಿಗೂ ಹಿತ್ತಾಳೆಯ ಊದುವಾದ್ಯಗಳಿಗೂ ಒಂದು ಉತ್ಸವಗೀತೆ ರಚಿಸಿದ್ದ. ಬಯಲಿನಲ್ಲಿ, ಮುದ್ರಣಕಲೆಯ ಜನಕ ಗುಟೆನ್‌ಬರ್ಗ್‌ನ ಗೌರವಕ್ಕಾಗಿ ಹಾಡಿಸಿದ ಕೃತಿ ಅದು. ಅದರ ಎರಡನೆಯ ಭಾಗದ ರಾಗವೇ ಇಂದಿನ ಕ್ರಿಸ್‌ಮಸ್ ರಾಗ. ಈ ರಾಗಕ್ಕೆ ಇಂಗ್ಲಿಷ್ ಮಾತು ಹೊಂದಿಸುವ ವಿಚಾರ ಬಂದಾಗ, 1843ರಲ್ಲಿ ತನ್ನ ಲಂಡನ್ ಪ್ರಕಾಶಕರಿಗೆ ಆತ ಬರೆದ ಪತ್ರದ ಸಾರ ಹೀಗಿದೆ: ಸರಿಯಾದ ಮಾತು ಸಿಕ್ಕರೆ ಇದು ಬಹಳ ಜನಪ್ರಿಯವಾಗುತ್ತದೆ, ಆದರೆ ದೇವರ ಮಾತು ಇದಕ್ಕೆ ಎಂದಿಗೂ ಒಗ್ಗದು, ಸಿಪಾಯಿಗಳ ನಡಿಗೆಯಂತಹ, ರಾಷ್ಟ್ರೀಯ ಹುರುಪಿನ ವಿಷಯವೇ ಬೇಕು. ಜನಪ್ರಿಯತೆಯ ವಿಷಯದಲ್ಲಿ ಆತನ ಅಂದಾಜು ನಿಜವಾಯಿತು. ಉಳಿದದ್ದು ಪೂರ್ತಿ ತಲೆಕೆಳಗಾಯಿತು.

ಎರಡನ್ನೂ ಜೋಡಿಸಿದವನು ವಿಲಿಯಂ ಕಮಿಂಗ್ಸ್. ಹುಡುಗನಾಗಿದ್ದಾಗ ಈತ ಲಂಡನ್ನಿನಲ್ಲಿ ಸ್ವತಃ ಮೆಂಡೆಲ್ಸನ್ ನಡೆಸಿದ, ಆತನದೇ ದೊಡ್ಡ ಕೃತಿಯಾದ ‘ಎಲೀಯ’ದ ಗಾಯನದಲ್ಲಿ ದನಿಗೂಡಿಸಿದ್ದ. 1855ರಲ್ಲಿ, ವಾಲ್ಟಮ್ ಆ್ಯಬಿ ಚರ್ಚಿನ ಆರ್ಗನ್ ವಾದಕನಾಗಿದ್ದಾಗ, ವೆಸ್ಲಿಯ ನಾಲ್ಕು ಸಾಲಿನ ಪದ್ಯಗಳನ್ನು ಎರಡೆರಡಾಗಿ ಕೂಡಿಸಿ, ಮೊದಲೆರಡು ಸಾಲುಗಳನ್ನು ಕೊನೆಯಲ್ಲಿ ಪಲ್ಲವಿಯಂತೆ ತಿರುಗಿಸಿ, ಈ ರಾಗಕ್ಕೆ ಕೂರಿಸಿದ. ಇಂದು ಸ್ತುತಿಗೀತೆಗಳ ಪುಸ್ತಕಗಳಲ್ಲಿ ಈ ರಾಗದ ಹೆಸರೇ ‘ಮೆಂಡೆಲ್ಸನ್’.

ಮದುವೆ ಮುಗಿದು ವಧೂವರರು ಹೊರಗೆ ಬರುವಾಗ ನುಡಿಸುವ ಸಂಗೀತವೂ ಅವನದೇ ಅಂತೆ. ಅದು ಚರ್ಚಿಗೆ ಬಂದದ್ದು ಹೇಗೆ?

ಅದು ನಾಟಕದ ಸಂಗೀತ. ಷೇಕ್ಸ್‌ಪಿಯರ್‌ನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದ ಪ್ರಯೋಗಕ್ಕೆಂದು ಮೆಂಡೆಲ್ಸನ್ ಬರೆದು, 1843ರಲ್ಲಿ ಪಾಟ್ಸ್‌ಡಾಮ್‌ನಲ್ಲಿ ಮೊದಲು ನುಡಿಸಿದ್ದು. ಕಿನ್ನರರು, ಕತ್ತೆಯ ತಲೆ ಹೊತ್ತ ನೇಕಾರ, ಕಾಡಿನಲ್ಲಿ ದಾರಿ ತಪ್ಪಿದ ಪ್ರೇಮಿಗಳು ಇರುವ ನಾಟಕವದು, ಪವಿತ್ರ ವಿವಾಹಕ್ಕೂ ಅದಕ್ಕೂ ದೂರ. ಇಂಗ್ಲೆಂಡಿನ ಟಿವರ್ಟನ್ ಊರಿನ ಚರ್ಚೊಂದರಲ್ಲಿ 1847ರಲ್ಲಿಯೇ ಒಂದು ಮದುವೆಗೆ ಇದನ್ನು ಆರ್ಗನ್ನಿನಲ್ಲಿ ನುಡಿಸಿದ್ದರು. ಆದರೆ ಇದು ಪದ್ಧತಿಯಾದದ್ದು 1858ರ ಜನವರಿ 25ರಂದು, ವಿಕ್ಟೋರಿಯಾ ರಾಣಿಯ ಹಿರಿಯ ಮಗಳು ಪ್ರಷ್ಯ ಎಂಬ ಜರ್ಮನ್ ರಾಜ್ಯದ ರಾಜಕುಮಾರನನ್ನು ಮದುವೆಯಾದಾಗ ಇದನ್ನು ನುಡಿಸಿದ ಮೇಲೆ. ಅರಮನೆಯಲ್ಲಿ ನಡೆದದ್ದು ದೊಡ್ಡ ಮನೆಗಳಿಗೂ, ಅಲ್ಲಿಂದ ಎಲ್ಲರ ಮನೆಗಳಿಗೂ ಹರಿಯಿತು, ಬ್ರಿಟಿಷರ ಜತೆಗೆ ಇಂಡಿಯಾಕ್ಕೂ ಬಂತು.

ಇದು ಲೌಕಿಕ ಸಂಗೀತ ಎಂಬ ಕಾರಣಕ್ಕೆ ಕೆಲವು ಸಭಾಪಾಲಕರೂ ಕ್ಯಾಥೊಲಿಕ್ ಗುರುಗಳೂ ಇಂದಿಗೂ ಇದನ್ನು ಒಪ್ಪುವುದಿಲ್ಲ, ಅವರ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ನಾನು ಕಂಡ ಒಂದು ಮದುವೆಯಲ್ಲಿ, ಸಹಿ ಹಾಕುವ ಶಾಸ್ತ್ರ ಮುಗಿಯುವ ಮೊದಲೇ ಕೀಬೋರ್ಡಿನವರು ಅಬ್ಬರದ ಈ ಸಂಗೀತ ಎತ್ತಿಬಿಟ್ಟು, ವರ ಪೆನ್ನು ಹಿಡಿದುಕೊಂಡೇ ಎದ್ದು ನಿಂತಿದ್ದ. ಅಂತಹ ಎಳೆತ ಆ ತುತೂರಿಯ ಕರೆಗಿದೆ. ಇನ್ನೊಂದು ಮಾತು: ವಧು ಒಳಗೆ ಬರುವಾಗ ಅನೇಕ ಕಡೆ ನುಡಿಸುವುದು ರಿಚರ್ಡ್ ವಾಗ್ನರ್‌ನ ಒಪೆರಾದ ಸಂಗೀತ. ಮೆಂಡೆಲ್ಸನ್ ಸತ್ತ ಮೂರು ವರ್ಷಕ್ಕೆ, 1850ರಲ್ಲಿ, ಹೆಸರು ಮರೆಸಿಕೊಂಡು ಆತನ ಯೆಹೂದಿತನವನ್ನು ಹಳಿದು ಲೇಖನ ಬರೆದವನು ಇದೇ ವಾಗ್ನರ್. ಇಬ್ಬರೂ ಈಗ ಒಂದೇ ಮದುವೆಯಲ್ಲಿ ಮುಕ್ಕಾಲು ಗಂಟೆಯ ಅಂತರದಲ್ಲಿ ಭೇಟಿಯಾಗುತ್ತಾರೆ.

ದೊಡ್ಡ ಕೃತಿಗಳ ಬಗ್ಗೆ

ಬಾಖ್‌ನನ್ನು ಮರಳಿ ತಂದವನು ಇವನೇ ಎನ್ನುತ್ತಾರೆ. ಬಾಖ್‌ನನ್ನು ಜನ ಮರೆತಿದ್ದರಾ?

ಪೂರ್ತಿ ಮರೆತಿರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಲೈಪ್‌ಜಿಗ್‌ನ ಚರ್ಚು ಸಂಗೀತಕಾರನಾಗಿದ್ದ ಯೊಹಾನ್ ಸೆಬಾಸ್ಟಿಯನ್ ಬಾಖ್‌ನ ಕೀಲಿಮಣೆಯ ಕೃತಿಗಳನ್ನು ವಿದ್ಯಾರ್ಥಿಗಳು ನುಡಿಸುತ್ತಿದ್ದರು. ಬರ್ಲಿನ್ನಿನ ಜಿಂಗ್‌ಅಕಾಡೆಮಿ ಎಂಬ ಗಾಯನ ಸಂಘದಲ್ಲಿ ಮೆಂಡೆಲ್ಸನ್‌ನ ಗುರು ಕಾರ್ಲ್ ಫ್ರೀಡ್ರಿಕ್ ತ್ಸೆಲ್ಟರ್ ಬಾಖ್‌ನ ವೃಂದಗಾನಗಳನ್ನು ಬಾಗಿಲು ಮುಚ್ಚಿಕೊಂಡು ಅಭ್ಯಾಸ ಮಾಡಿಸುತ್ತಿದ್ದ. ಆದರೆ ಯೇಸುವಿನ ಶ್ರಮೆ ಮರಣಗಳ ಕಥನವಾದ ‘ಸಂತ ಮತ್ತಾಯನ ಪ್ಯಾಶನ್’ ಬಾಖ್ 1750ರಲ್ಲಿ ಸತ್ತ ಮೇಲೆ ಲೈಪ್‌ಜಿಗ್‌ನ ಹೊರಗೆ ಸಾರ್ವಜನಿಕರ ಕಿವಿಗೆ ಬಿದ್ದಿರಲಿಲ್ಲ.

ಅಜ್ಜಿ ಬೆಲ್ಲಾ ಸಾಲೊಮನ್ ಹುಡುಗನಾಗಿದ್ದ ಫೆಲಿಕ್ಸ್‌ಗೆ ಈ ಕೃತಿಯ ಹಸ್ತಪ್ರತಿಯ ನಕಲೊಂದನ್ನು ಉಡುಗೊರೆಯಾಗಿ ಕೊಟ್ಟಿದ್ದಳು. 1829ರಲ್ಲಿ ಆತನೂ ಗೆಳೆಯ, ಗಾಯಕ ನಟ ಎಡುವಾರ್ಡ್ ಡೆವ್ರಿಯೆಂಟನೂ ತ್ಸೆಲ್ಟರನ ಮನೆಗೆ ಹೋಗಿ ಇದನ್ನು ಹಾಡಿಸಲು ಅಪ್ಪಣೆ ಬೇಡಿದರು. ಮುದುಕ ಮೊದಲು ಗದರಿ, ಆಮೇಲೆ ಒಪ್ಪಿದ. ಮಾರ್ಚ್ 11ರಂದು, ಇಪ್ಪತ್ತು ತುಂಬಿದ ಮೆಂಡೆಲ್ಸನ್ ನೂರೈವತ್ತಕ್ಕೂ ಮಿಕ್ಕಿದ ಗಾಯಕರನ್ನು ಮುಂದಿಟ್ಟುಕೊಂಡು ಪಿಯಾನೊ ಬಳಿ ನಿಂತು ಅದನ್ನು ನಡೆಸಿದ. ಪ್ರಷ್ಯದ ದೊರೆ ಬಂದಿದ್ದ, ತತ್ತ್ವಜ್ಞಾನಿ ಹೆಗೆಲ್ ಬಂದಿದ್ದ, ದೇವತಾಶಾಸ್ತ್ರಜ್ಞ ಶ್ಲೈಯರ್‌ಮಾಕರ್ ಬಂದಿದ್ದ. ಟಿಕೆಟ್ಟು ಸಿಗದೆ ಸುಮಾರು ಸಾವಿರ ಜನ ಹಿಂದಿರುಗಿದರು. ಹತ್ತು ದಿನಗಳ ನಂತರ, ಬಾಖ್ ಹುಟ್ಟಿದ ದಿನದಂದು, ಮತ್ತೊಮ್ಮೆ ಹಾಡಿಸಬೇಕಾಯಿತು. ಕ್ರೈಸ್ತರ ಅತಿ ದೊಡ್ಡ ಸಂಗೀತವನ್ನು ಜನರಿಗೆ ಮರಳಿ ಕೊಡಲು ಒಬ್ಬ ನಾಟಕದವನೂ ಒಬ್ಬ ಯೆಹೂದಿ ಹುಡುಗನೂ ಬೇಕಾದರಲ್ಲ ಎಂದು ಮೆಂಡೆಲ್ಸನ್ ಆಗ ಅಂದದ್ದನ್ನು ಡೆವ್ರಿಯೆಂಟ್ ತನ್ನ ನೆನಪುಗಳಲ್ಲಿ ದಾಖಲಿಸಿದ್ದಾನೆ.

ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಾಖ್‌ನ ಕಾಲದಲ್ಲಿ ಇದು ಶುಭ ಶುಕ್ರವಾರದ ಸಂಜೆಯ ಆರಾಧನೆಯ ಅಂಗವಾಗಿತ್ತು, ಎರಡು ಭಾಗಗಳ ನಡುವೆ ಪ್ರಸಂಗ, ಎಂದರೆ ಪಾದ್ರಿಯ ಬೋಧನೆ, ನಡೆಯುತ್ತಿತ್ತು. ಮೆಂಡೆಲ್ಸನ್ ಪ್ರಸಂಗವಿಲ್ಲದೆ, ಅನೇಕ ಏಕಗಾಯನಗಳನ್ನು ಕೈಬಿಟ್ಟು, ಕಥೆ ಬೇಗ ಸಾಗುವಂತೆ ಮಾಡಿ, ಸಭಾಂಗಣದಲ್ಲಿ ಹಾಡಿಸಿದ. ಹೀಗೆ ಆರಾಧನೆಯ ಸಂಗೀತ ಸಭಾಂಗಣಕ್ಕೆ ಬಂತು. ಆದರೆ ಆ ಸಂಜೆ ಸಭಾಂಗಣವೇ ಚರ್ಚಿನಂತೆ ಕಾಣುತ್ತಿತ್ತೆಂದು ಅಕ್ಕ ಫ್ಯಾನಿ ಬರೆದಳು. 1841ರಲ್ಲಿ ಗರಿಗಳ ಭಾನುವಾರದಂದು ಮೆಂಡೆಲ್ಸನ್ ಅದನ್ನು ಬಾಖ್‌ನದೇ ಚರ್ಚಾದ ಲೈಪ್‌ಜಿಗ್‌ನ ಸಂತ ತೋಮನ ಚರ್ಚಿಗೆ ಮರಳಿ ಒಯ್ದ. ಬಾಖ್‌ನ ಸ್ಮಾರಕಕ್ಕೆ ಹಣ ಕೂಡಿಸಲು ಅದೇ ಚರ್ಚಿನಲ್ಲಿ ಹಿಂದಿನ ವರ್ಷ ಒಬ್ಬನೇ ಆರ್ಗನ್ ಕಛೇರಿ ನಡೆಸಿದ್ದ. ಬಾಖ್‌ನ ಸಮಗ್ರ ಕೃತಿಗಳನ್ನು ಅಚ್ಚು ಹಾಕಿಸಲು 1850ರಲ್ಲಿ ಸಂಘ ಹುಟ್ಟಿದ್ದು ಈ ಅಲೆಯ ಮೇಲೆಯೇ. ಚರ್ಚು ಸಂಗೀತಕ್ಕೆ ಮೆಂಡೆಲ್ಸನ್ ಮಾಡಿದ ಅತಿ ದೊಡ್ಡ ಉಪಕಾರ ಆತನ ಸ್ವಂತ ಸ್ವರಗಳಲ್ಲಿ ಇಲ್ಲ, ಇಲ್ಲಿದೆ ಎಂದು ನನ್ನ ಎಣಿಕೆ.

‘ಎಲೀಯ’ ಕೇಳಬೇಕೆಂದಿದ್ದೇನೆ. ಎರಡು ಗಂಟೆಗೂ ಹೆಚ್ಚಂತೆ. ಎಲ್ಲಿ ಕಿವಿಗೊಡಬೇಕು?

‘ಎಲೀಯ’ ಒರಾಟೋರಿಯೊ. ಎಂದರೆ ವೇಷ, ರಂಗಸಜ್ಜು ಯಾವುದೂ ಇಲ್ಲದೆ, ಗಾಯಕರು ನಿಂತು ಹಾಡುವ ಬೈಬಲ್ ಕಥೆ. ಇದರ ಮೊದಲ ಗಾಯನ 1846ರ ಆಗಸ್ಟ್ 26ರಂದು ಬರ್ಮಿಂಗ್‌ಹ್ಯಾಮ್ ಪುರಭವನದಲ್ಲಿ ನಡೆದು, ಜನರ ಒತ್ತಾಯಕ್ಕೆ ಎಂಟು ಭಾಗಗಳನ್ನು ಮತ್ತೆ ಹಾಡಬೇಕಾಯಿತು. ವಚನಗಳನ್ನು ಆಯ್ದು ಜೋಡಿಸಲು ನೆರವಾದವನು ಡೆಸ್ಸೌ ಊರಿನ ಸಭಾಪಾಲಕ, ಗೆಳೆಯ ಯೂಲಿಯಸ್ ಶೂಬ್ರಿಂಗ್.

ಮೂರು ಎಡೆಗಳಲ್ಲಿ ಕಿವಿ ನಿಮಿರಿಸಿದರೆ ಸಾಕು. ಒಂದು, ಆರಂಭ. ವಾದ್ಯವೃಂದದ ಪೀಠಿಕೆಗೂ ಮೊದಲೇ ಪ್ರವಾದಿ ಎದ್ದು ನಿಂತು ಮಳೆಯಿಲ್ಲ, ಮಂಜೂ ಇಲ್ಲ ಎಂದು ಶಾಪ ಹಾಕುತ್ತಾನೆ. ಆಮೇಲೆ ಬರುವ ಪೀಠಿಕೆ ಆ ಬರಗಾಲವೇ. ಎರಡು, ಕರ್ಮೆಲ್ ಬೆಟ್ಟದ ಮೇಲೆ ಬಾಳನ ಪ್ರವಾದಿಗಳು ತಮ್ಮ ದೇವರನ್ನು ಕೂಗುವ ಜಾಗ. ಕೂಗು ಏರುತ್ತ ಏರುತ್ತ ಹೋಗಿ, ‘ಉತ್ತರ ಕೊಡು’ ಎಂದು ಅಬ್ಬರಿಸಿ, ಗಕ್ಕನೆ ನಿಲ್ಲುತ್ತದೆ. ಬರೀ ಮೌನ. ಯಾರೂ ಉತ್ತರ ಕೊಡುವುದಿಲ್ಲ.

ಮೂರನೆಯದು ಮಳೆ. ಎಲೀಯ ಒಬ್ಬ ಹುಡುಗನನ್ನು ಸಮುದ್ರದ ಕಡೆ ನೋಡಿ ಬಾ ಎಂದು ಕಳಿಸುತ್ತಾನೆ. ಎಳೆಯ ದನಿಯೊಂದು ಮೇಲಿನಿಂದ, ಏನೂ ಇಲ್ಲ, ಆಕಾಶ ತಾಮ್ರದಂತಿದೆ ಎನ್ನುತ್ತದೆ. ಮತ್ತೆ ಹೋಗು. ಏನೂ ಇಲ್ಲ, ನೆಲ ಕಬ್ಬಿಣದಂತಿದೆ. ಮಳೆಯ ಸದ್ದೂ ಕೇಳದೇ? ಇಲ್ಲ, ಏನೂ ಇಲ್ಲ. ಅನಂತರವೇ ಅಂಗೈಯಷ್ಟು ಅಗಲದ ಮೋಡವೊಂದು ಏಳುತ್ತದೆ, ಸ್ವಲ್ಪ ಹೊತ್ತಿನಲ್ಲಿ ಇಡೀ ವೃಂದ ಬಾಯಾರಿದ ನೆಲಕ್ಕೆ ನೀರು ಕುಡಿಸಿದವನಿಗೆ ಸ್ತೋತ್ರ ಹಾಡುತ್ತ ಸುರಿಯುತ್ತದೆ. ಜೂನ್ ಕಳೆದರೂ ಮೋಡ ಕಾಣದೆ ಮೇಲೆ ನೋಡಿ ಗೊತ್ತಿರುವ ನಮ್ಮವರಿಗೆ ಇದಕ್ಕೆ ವಿವರಣೆ ಬೇಕಾಗದು.

ಪುರಭವನದಲ್ಲಿ ಹಾಡಿದ ಒರಾಟೋರಿಯೊ ಭಾನುವಾರದ ಆರಾಧನೆಯ ಒಳಗೆ ಬಂದದ್ದು ಯಾವ ದಾರಿಯಿಂದ?

ಬಿಡಿಬಿಡಿಯಾಗಿ ಬಂತು. ಇಂಗ್ಲೆಂಡಿನ ನೊವೆಲೊ ಪ್ರಕಾಶನ 1840ರ ದಶಕದಿಂದ ದೊಡ್ಡ ಕೃತಿಗಳನ್ನು ಕೈಗೆಟುಕುವ ಬೆಲೆಯ ಚಿಕ್ಕ ಪುಸ್ತಕಗಳಾಗಿ ಅಚ್ಚು ಹಾಕತೊಡಗಿತು. ಅದೇ ಹೊತ್ತಿಗೆ ಜಾನ್ ಕರ್ವೆನ್ ಎಂಬ ಪಾದ್ರಿ ಡೊ ರೆ ಮಿ ಅಕ್ಷರಗಳಿಂದಲೇ ಹಾಡು ಕಲಿಸುವ ಟಾನಿಕ್ ಸೋಲ್‌ಫಾ ಪದ್ಧತಿಯನ್ನು ಹಬ್ಬಿಸುತ್ತಿದ್ದ. ಐದು ಗೆರೆಗಳ ಸ್ವರಲಿಪಿ ಓದಲು ಬಾರದ ಗಿರಣಿ ಕೆಲಸಗಾರರೂ ಗಣಿ ಕೆಲಸಗಾರರೂ ಹೀಗೆ ನಾಲ್ಕು ದನಿಯ ಹಾಡುಗಾರಿಕೆ ಕಲಿತರು. ವಾರದ ಮಧ್ಯೆ ಗಾಯನ ಸಂಘದಲ್ಲಿ ‘ಎಲೀಯ’ ಅಭ್ಯಾಸ ಮಾಡಿದವರೇ ಭಾನುವಾರ ಚರ್ಚಿನ ತಂಡದಲ್ಲಿ ನಿಲ್ಲುತ್ತಿದ್ದರು. ಹಾಗಾಗಿ ಇಸ್ರಾಯೇಲನ್ನು ಕಾಯುವವನು ತೂಕಡಿಸುವುದಿಲ್ಲ ಎಂಬ ವೃಂದಗಾನ, ಕಣ್ಣೆತ್ತಿ ಬೆಟ್ಟಗಳ ಕಡೆ ನೋಡು ಎಂಬ ವಾದ್ಯವಿಲ್ಲದ ಮೂರು ಹೆಣ್ಣು ದನಿಗಳ ಹಾಡು, ‘ಪೌಲ’ ಒರಾಟೋರಿಯೊದ ಶುಭವಾರ್ತೆ ತರುವವರ ಹಾಡು ಇವೆಲ್ಲ ಕಥೆಯಿಂದ ಕಳಚಿಕೊಂಡು ಆರಾಧನೆಯ ಗೀತೆಗಳಾದವು. ನಿನ್ನ ಭಾರವನ್ನು ಯೆಹೋವನ ಮೇಲೆ ಹಾಕು ಎಂಬ ನಾಲ್ಕು ದನಿಯ ಪುಟ್ಟ ಭಾಗವಂತೂ ಹಳೆಯ ಜರ್ಮನ್ ಸ್ತುತಿಗೀತೆಯ ರಾಗದ ಮೇಲೆಯೇ ನಿಂತಿದೆ.

ಆರ್ಗನ್ ನುಡಿಸುವವರು ಅವನನ್ನು ಅಷ್ಟು ಹೊಗಳುವುದೇಕೆ?

ಇಂಗ್ಲೆಂಡಿನಲ್ಲಿ ಆಗ ಬಹಳ ಆರ್ಗನ್ನುಗಳಿಗೆ ಕಾಲಿನಿಂದ ನುಡಿಸುವ ಪೆಡಲ್ ಕೀಲಿಗಳು ಸರಿಯಾಗಿ ಇರಲಿಲ್ಲ, ಬಾಖ್‌ನನ್ನು ನುಡಿಸಲು ಅವು ಬೇಕೇ ಬೇಕು. ಮೆಂಡೆಲ್ಸನ್ ಹೋದಲ್ಲೆಲ್ಲ ಬಾಖ್ ನುಡಿಸಿ, ಅಲ್ಲಿಯ ವಾದಕರಿಗೂ ಆರ್ಗನ್ ಕಟ್ಟುವವರಿಗೂ ಅದರ ಆಸೆ ಹಚ್ಚಿದ. 1837ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಸಂತ ಪೌಲನ ಮಹಾದೇವಾಲಯದಲ್ಲಿ ಆರಾಧನೆ ಮುಗಿದ ಮೇಲೆ ಆತ ನುಡಿಸುತ್ತ ಕೂತ, ಕೇಳುವವರು ಎದ್ದು ಹೋಗಲೊಲ್ಲರು. ಬೀಗ ಹಾಕಿ ಮನೆಗೆ ಹೋಗಲು ಕಾದಿದ್ದ ಚರ್ಚಿನ ಆಳುಗಳು ತಿದಿ ಒತ್ತುವವರನ್ನು ಕಳಿಸಿಬಿಟ್ಟರು. ಬಾಖ್‌ನ ಫ್ಯೂಗ್ ಮುಗಿಯಲು ಇನ್ನೇನು ಕೆಲವೇ ಕ್ಷಣ ಇರುವಾಗ ಗಾಳಿ ತೀರಿ, ಕೀಲಿ ಒತ್ತಿದರೂ ಸದ್ದಿಲ್ಲದೆ ಆರ್ಗನ್ ಸತ್ತುಹೋಯಿತು.

1844ರಲ್ಲಿ ಲಂಡನ್ನಿನ ಪ್ರಕಾಶಕರೊಬ್ಬರು ಆರಾಧನೆಯ ಹಿಂದೆ ಮುಂದೆ ನುಡಿಸುವ ವಾಲಂಟರಿಗಳನ್ನು ಬರೆದುಕೊಡಿ ಎಂದು ಕೇಳಿದರು. ಆ ಪದದ ನಿಖರ ಅರ್ಥ ತನಗೆ ತಿಳಿಯದೆಂದು ಹೇಳಿ ಮೆಂಡೆಲ್ಸನ್ ಅವುಗಳಿಗೆ ಸೊನಾಟಾ ಎಂದು ಹೆಸರಿಟ್ಟ. 1845ರಲ್ಲಿ ಅಚ್ಚಾದ ಆ ಆರು ಸೊನಾಟಾಗಳು ಇಂದಿಗೂ ಆರ್ಗನ್ ಕಲಿಯುವವರ ದಾರಿಯಲ್ಲಿ ಬಂದೇ ಬರುತ್ತವೆ. ಅವುಗಳಲ್ಲಿ ಹಲವು ಸ್ತುತಿಗೀತೆಗಳ ಮೇಲೆ ಕಟ್ಟಿದವು. ಆರನೆಯದು, ಕರ್ತನ ಪ್ರಾರ್ಥನೆಗೆ ಲೂಥರ್ ಮಾಡಿದ ಪದ್ಯರೂಪದ ರಾಗವನ್ನು ಮೊದಲು ಸರಳವಾಗಿ ನುಡಿಸಿ, ಅದರ ಮೇಲೆ ಒಂದೊಂದೇ ಬಣ್ಣ ಹಚ್ಚುತ್ತ ಹೋಗಿ, ಅಬ್ಬರದಲ್ಲಿ ಮುಗಿಯದೆ ಪಿಸುಮಾತಿನಲ್ಲಿ ಮುಗಿಯುತ್ತದೆ. ಆ ಕೊನೆಯ ಪುಟ ನುಡಿಸಿದ ಮೇಲೆ ಕೂಡಲೇ ಎದ್ದು ಹೋಗುವ ಸಭೆಯನ್ನು ನಾನು ಕಂಡಿಲ್ಲ.

ಇನ್ನೂ ಆಳಕ್ಕೆ ಹೋಗುವವರಿಗೆ

ಹಾಗಾದರೆ ಆರಾಧನೆಗೆಂದೇ ಅವನು ಏನೂ ಬರೆಯಲಿಲ್ಲವಾ?

ಬರೆದ, ಬಹಳ ಬರೆದ. ಇಪ್ಪತ್ತರ ಹರೆಯದಲ್ಲಿ ಬಾಖ್‌ನ ಮಾದರಿಯಲ್ಲಿ ಲೂಥರನ್ ಸ್ತುತಿಗೀತೆಗಳ ಮೇಲೆ ಕಂಟಾಟಾಗಳನ್ನು, ಎಂದರೆ ದನಿಗಳಿಗೂ ವಾದ್ಯಗಳಿಗೂ ಬರೆದ ಗಾಯನಕೃತಿಗಳನ್ನು, ರಚಿಸಿದ. ಅವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೆ ಅಚ್ಚಾಗದೆ ಉಳಿದವು. ಮುಖ್ಯವಾದದ್ದು 1843ರ ಕಥೆ. ಪ್ರಷ್ಯದ ದೊರೆ ನಾಲ್ಕನೆಯ ಫ್ರೀಡ್ರಿಕ್ ವಿಲ್ಹೆಲ್ಮ್ ತನ್ನ ರಾಜ್ಯದ ಆರಾಧನೆಯನ್ನು ಪುನರುಜ್ಜೀವನಗೊಳಿಸಬೇಕೆಂದು, ಬರ್ಲಿನ್ ಮಹಾದೇವಾಲಯಕ್ಕೆ ಹೊಸ ಗಾಯನ ತಂಡ ಕಟ್ಟಿಸಿ, ಮೆಂಡೆಲ್ಸನ್‌ನನ್ನು ಚರ್ಚು ಸಂಗೀತದ ಮೇಲ್ವಿಚಾರಕನಾಗಿ ನೇಮಿಸಿದ. ಅಲ್ಲಿಗಾಗಿ ಆತ 2, 22, 43, 98ನೆಯ ಕೀರ್ತನೆಗಳಿಗೂ, ಹಬ್ಬಗಳಿಗೊಂದರಂತೆ ಹಾಡುವ ಪುಟ್ಟ ವಚನಗಳಿಗೂ ಸಂಗೀತ ಕೂರಿಸಿದ.

ಆದರೆ ಅಲ್ಲಿಯ ಆರಾಧನಾಕ್ರಮ ಸಂಗೀತಕ್ಕೆ ಕೊಟ್ಟ ಜಾಗ ತೀರ ಇಕ್ಕಟ್ಟು. ಪಾದ್ರಿಗಳ ಜತೆಗಿನ ಎಳೆದಾಟವೂ ಸೇರಿ, ಒಂದೇ ವರ್ಷದಲ್ಲಿ, 1844ರ ಶರತ್ಕಾಲಕ್ಕೆ, ಆತ ಬರ್ಲಿನ್ನಿನ ಹೊಣೆ ಇಳಿಸಿಕೊಂಡ. ಅದೇ ವರ್ಷ ದೊರೆ ಗುಂಡಿನ ದಾಳಿಯಿಂದ ಪಾರಾದಾಗ, ನಿನ್ನನ್ನು ಕಾಯಲು ತನ್ನ ದೂತರಿಗೆ ಅಪ್ಪಣೆ ಕೊಡುವನು ಎಂಬ 91ನೆಯ ಕೀರ್ತನೆಯ ವಚನಗಳನ್ನು ಎಂಟು ದನಿಗಳಿಗೆ ಹೊಂದಿಸಿ ಕಳಿಸಿಕೊಟ್ಟ. ಆ ತುಣುಕು ಇಂದು ಲೋಕಪ್ರಸಿದ್ಧ, ಆದರೆ ಅದಕ್ಕೆ ಕಾರಣ ಮುಂದೆ ಅದನ್ನು ‘ಎಲೀಯ’ದೊಳಗೆ ಸೇರಿಸಿದ್ದು. ಬಾಗಿಲು ಇಲ್ಲಿಯೂ ಪುರಭವನದ್ದೇ.

ಚರ್ಚು ಸಂಗೀತ ಹೇಗಿರಬೇಕೆಂದು ಅವನಿಗೆ ಸ್ಪಷ್ಟ ಅಭಿಪ್ರಾಯ ಇತ್ತಾ?

ಸ್ಪಷ್ಟ ಅನುಮಾನ ಇತ್ತು. 1835ರ ಜನವರಿಯಲ್ಲಿ ಪಾದ್ರಿ ಮಿತ್ರ ಆಲ್ಬರ್ಟ್ ಬೌಅರ್‌ಗೆ ಬರೆದ ಪತ್ರದಲ್ಲಿ, ಪ್ರೊಟೆಸ್ಟೆಂಟ್ ಆರಾಧನೆಯ ಅವಿಭಾಜ್ಯ ಅಂಗವಾಗಿ ನಿಲ್ಲುವ ನಿಜವಾದ ಚರ್ಚು ಸಂಗೀತ ತನಗೆ ಅಸಾಧ್ಯವಾಗಿ ಕಾಣುತ್ತದೆ ಎಂದು ಆತ ಹೇಳಿಕೊಂಡಿದ್ದಾನೆ. ಆರಾಧನೆಯ ಯಾವ ಹಂತದಲ್ಲಿ ಸಂಗೀತ ಒಳಗೆ ಬರಬೇಕು ಎಂಬುದೇ ತನಗೆ ತೋಚದು, ಬಂದರೂ ಅದು ಭಕ್ತಿಯ ಭಾವ ಹುಟ್ಟಿಸುವ ಕಛೇರಿಯಾಗುತ್ತದೆಯೇ ಹೊರತು ಆರಾಧನೆಯ ಕ್ರಿಯೆಯಾಗುವುದಿಲ್ಲ ಎಂಬುದು ಆತನ ತಕರಾರು. ಬಾಖ್‌ನ ಪ್ಯಾಶನ್ನು ಕೂಡ ಅಷ್ಟರ ಮಟ್ಟಿಗೆ ಸ್ವತಂತ್ರ ಸಂಗೀತವೇ ಎಂದು ಆತ ಕಂಡ.

ಈ ತೊಡಕಿಗೆ ಒರಾಟೋರಿಯೊದಲ್ಲಿ ಆತ ಕಂಡುಕೊಂಡ ದಾರಿ ಕೊರಾಲ್, ಎಂದರೆ ಇಡೀ ಸಭೆ ಹಾಡುವ ಲೂಥರನ್ ಸ್ತುತಿಗೀತೆ. 1836ರಲ್ಲಿ ಡ್ಯುಸೆಲ್ಡಾರ್ಫ್‌ನಲ್ಲಿ ಮೊದಲು ಹಾಡಿದ ‘ಪೌಲ’ದಲ್ಲಿ, ಸ್ತೆಫನನನ್ನು ಕಲ್ಲೆಸೆದು ಕೊಂದ ಗದ್ದಲ ಅಡಗಿದ ಮೇಲೆ ಒಂದು ಕೊರಾಲ್ ಮೆಲ್ಲಗೆ ಏಳುತ್ತದೆ. ಟಿಕೆಟ್ಟು ಕೊಂಡು ಬಂದವರು ಆ ಎರಡು ನಿಮಿಷ ಪ್ರೇಕ್ಷಕರಾಗಿ ಉಳಿಯದೆ, ಬಾಲ್ಯದಲ್ಲಿ ಹಾಡಿದ ರಾಗ ಕೇಳಿ ಸಭೆಯಾಗುತ್ತಾರೆ. ಪೌಲನ ಕಾಲದ ಕಥೆಗೆ ಎಷ್ಟೋ ಶತಮಾನಗಳ ನಂತರದ ಜರ್ಮನ್ ಹಾಡೇಕೆ ಎಂದು ಅಂದಿನ ಕೆಲವು ವಿಮರ್ಶಕರು ಕೆಣಕಿದ್ದುಂಟು. ನನಗಂತೂ ಕೃತಿಯ ಜೀವ ಅಲ್ಲಿಯೇ ಇದೆ ಅನಿಸುತ್ತದೆ.

ಕ್ಯಾಥೊಲಿಕ್ ಆರಾಧನೆಗೆ, ಯೆಹೂದಿಗಳ ಸಿನಗಾಗಿಗೆ ಅವನಿಂದ ಏನಾದರೂ ಸಂದಿತಾ?

ಕ್ಯಾಥೊಲಿಕರಿಗೆ ಸ್ವಲ್ಪ ಸಂದಿದೆ. 1830ರಲ್ಲಿ ರೋಮಿನ ತ್ರಿನಿತಾ ದೇಯಿ ಮೋಂತಿ ಮಠದ ಸನ್ಯಾಸಿನಿಯರ ಹಾಡು ಕೇಳಿ ಮನಸೋತು, ಹೆಣ್ಣು ದನಿಗಳಿಗೂ ಆರ್ಗನ್ನಿಗೂ ಮೂರು ಲ್ಯಾಟಿನ್ ಗೀತೆಗಳನ್ನು ರಚಿಸಿದ. 1846ರಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿ ಪವಿತ್ರ ಪ್ರಸಾದದ ಹಬ್ಬದ ಆರುನೂರನೆಯ ವರ್ಷಕ್ಕೆ ‘ಲೌದಾ ಸಿಯೋನ್’ ಬರೆದುಕೊಟ್ಟ.

ಸಿನಗಾಗಿನ ಕಡೆಯ ಪ್ರಭಾವ ಇದಕ್ಕಿಂತ ಆಳವಾದದ್ದು, ಆದರೆ ಪರೋಕ್ಷವಾದದ್ದು. ಹ್ಯಾಂಬರ್ಗಿನ ಸುಧಾರಣಾವಾದಿ ಯೆಹೂದಿ ಮಂದಿರದವರು 1844ರಲ್ಲಿ ಕೀರ್ತನೆಗಳಿಗೆ ಸಂಗೀತ ಬೇಕೆಂದು ಆತನಿಗೆ ಪತ್ರ ಬರೆದಿದ್ದರು. ಬರ್ಲಿನ್ನಿನಲ್ಲಿ ಲೂಯಿ ಲೆವಾಂಡೊವ್ಸ್ಕಿ ಎಂಬ ಯೆಹೂದಿ ಸಂಗೀತಕಾರ ಸಿನಗಾಗಿನ ಪಾರಂಪರಿಕ ಸ್ವರಗಳನ್ನು ನಾಲ್ಕು ದನಿಗಳಿಗೆ ಹೊಂದಿಸಿದಾಗ ಆಯ್ದುಕೊಂಡದ್ದು ಮೆಂಡೆಲ್ಸನ್‌ನ ಶೈಲಿಯನ್ನೇ. 1866ರಲ್ಲಿ ತೆರೆದ ಬರ್ಲಿನ್ನಿನ ಹೊಸ ಸಿನಗಾಗಿನಲ್ಲಿ ಆರ್ಗನ್ನಿನೊಂದಿಗೆ ಮೊಳಗಿದ ಆ ಸಂಗೀತವನ್ನು ಜಗತ್ತಿನ ಅನೇಕ ಸಿನಗಾಗುಗಳಲ್ಲಿ ಇಂದಿಗೂ ಹಾಡುತ್ತಾರೆ. ಮೊಮ್ಮಗ ಬಿಟ್ಟು ಬಂದ ಮನೆಗೆ ಆತನ ಸ್ವರ ಹೀಗೆ ಹಿತ್ತಲ ಬಾಗಿಲಿಂದ ಮರಳಿತು.

ಅವನ ಸಂಗೀತ ತೀರ ಸಿಹಿ, ಭಕ್ತಿಗಿಂತ ಭಾವುಕತೆಯೇ ಹೆಚ್ಚು ಎನ್ನುತ್ತಾರೆ. ಒಪ್ಪುತ್ತೀರಾ?

ಅರ್ಧ ಒಪ್ಪುತ್ತೇನೆ. ಪಾರಿವಾಳದ ರೆಕ್ಕೆ ಬೇಡುವ ಹಾಡಿನಿಂದ ಹೆಸರಾದ ‘ಹಿಯರ್ ಮೈ ಪ್ರೇಯರ್’, ಲಂಡನ್ನಿನ ಟೆಂಪಲ್ ಚರ್ಚಿನ ಹುಡುಗ ಅರ್ನೆಸ್ಟ್ ಲಫ್ 1927ರಲ್ಲಿ ಹಾಡಿದ ಗ್ರಾಮಫೋನ್ ತಟ್ಟೆಯ ಮೂಲಕ ಮನೆಮನೆಗೂ ಹೋಯಿತು. ಅದನ್ನು ಹತ್ತನೆಯ ಸಲ ಕೇಳುವಾಗ ನನಗೂ ಸಕ್ಕರೆ ಜಾಸ್ತಿ ಅನಿಸುತ್ತದೆ. ವಿಕ್ಟೋರಿಯಾ ಕಾಲದ ನೂರಾರು ಚರ್ಚು ಸಂಗೀತಗಾರರು ಆತನ ಇಂಪನ್ನು ಮಾತ್ರ ನಕಲು ಮಾಡಿ, ಅದರ ಹಿಂದಿನ ಬಾಖ್‌ನ ಬಿಗಿಯನ್ನು ಕೈಬಿಟ್ಟರು. ನಾಟಕಕಾರ, ಸಂಗೀತ ವಿಮರ್ಶಕ ಬರ್ನಾರ್ಡ್ ಷಾ ಮೆಂಡೆಲ್ಸನ್‌ನನ್ನು ಮೂದಲಿಸಿದ್ದರಲ್ಲಿ ಈ ನಕಲುಗಾರರ ಪಾಲೂ ಇದೆ. ‘ಎಲೀಯ’ದಲ್ಲಿ ಪ್ರವಾದಿ ಅಡವಿಯಲ್ಲಿ ಕೂತು ಸಾಕಪ್ಪಾ ಸಾಕು, ಪ್ರಾಣ ತೆಗೆದುಕೋ ಎಂದು ಬೇಡುವ ಹಾಡನ್ನು ಕೇಳಿದರೆ, ಚೆಲ್ಲೋದ ಆ ಒಣ ದುಃಖದಲ್ಲಿ ಬಾಖ್‌ನ ‘ಸಂತ ಯೋಹಾನನ ಪ್ಯಾಶನ್’ ನೆರಳು ಕಾಣುತ್ತದೆ, ಅಲ್ಲಿ ಸಕ್ಕರೆಯ ಹರಳೂ ಇಲ್ಲ.

ಟೀಕೆಯೆಲ್ಲವೂ ಸಂಗೀತದ ಕುರಿತದ್ದಾಗಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ವಾಗ್ನರ್ ಹಚ್ಚಿದ ಕಿಚ್ಚು ನಾಜಿಗಳ ಕಾಲಕ್ಕೆ ಬೆಂಕಿಯಾಗಿ, 1936ರಲ್ಲಿ ಲೈಪ್‌ಜಿಗ್‌ನಲ್ಲಿದ್ದ ಮೆಂಡೆಲ್ಸನ್ ಪ್ರತಿಮೆಯನ್ನು ಕಿತ್ತುಹಾಕಿದರು. ಅದರ ಪ್ರತಿರೂಪ ಮತ್ತೆ ಎದ್ದು ನಿಂತದ್ದು 2008ರಲ್ಲಿ, ಸಂತ ತೋಮನ ಚರ್ಚಿನ ಎದುರಿಗೆ.

ನಮ್ಮ ಕ್ವಾಯರ್ ಚಿಕ್ಕದು, ಕನ್ನಡದಲ್ಲೇ ಹಾಡುವುದು. ಎಲ್ಲಿಂದ ಶುರು ಮಾಡಬೇಕು?

1831ರಲ್ಲಿ ಆತ ರೋಮಿನಲ್ಲಿ ಬರೆದ ‘ಫೆರ್‌ಲೈ ಉನ್ಸ್ ಫ್ರೀಡನ್’ನಿಂದ ಶುರು ಮಾಡಿ. ನಮ್ಮ ದಿನಗಳಲ್ಲಿ ಶಾಂತಿ ದಯಪಾಲಿಸು ಎಂಬ ಲೂಥರನ ಪ್ರಾರ್ಥನೆ ಅದು. ಒಂದೇ ಪದ್ಯ ಮೂರು ಸಲ ಬರುತ್ತದೆ: ಮೊದಲು ಕೆಳ ಸ್ಥಾಯಿಯ ಗಂಡು ದನಿಗಳು ಮಾತ್ರ, ಆಮೇಲೆ ಹೆಣ್ಣಿನ ಕೆಳ ದನಿ ಕೂಡಿಕೊಂಡು, ಕೊನೆಗೆ ನಾಲ್ಕೂ ದನಿ. ಐದು ನಿಮಿಷದ ಒಳಗಿನ ಕೆಲಸ. ಮಂಗಳೂರಿನ ಕಡೆಯ, ಬಾಸೆಲ್ ಮಿಷನ್ ಪರಂಪರೆಯ ಸಭೆಯವರಾಗಿದ್ದರೆ ನಿಮಗೊಂದು ಅನುಕೂಲವೂ ಇದೆ. 1834ರಿಂದ ಅಲ್ಲಿಗೆ ಬಂದ ಮಿಷನರಿಗಳ ಜತೆ ಬಂದದ್ದು ಮೆಂಡೆಲ್ಸನ್ ತನ್ನ ಕೃತಿಗಳಲ್ಲಿ ನೇಯ್ದ ಜರ್ಮನ್ ಕೊರಾಲ್‌ಗಳ ಪರಂಪರೆಯೇ, ಆದ್ದರಿಂದ ಆ ನಡೆ ನಿಮ್ಮ ಹಿರಿಯರ ಕಿವಿಗೆ ಹೊಸದಲ್ಲ.

ಕನ್ನಡ ಮಾತು ಕೂರಿಸುವಾಗ ಒಂದು ಎಚ್ಚರ ಬೇಕು, ಅದನ್ನು ಕ್ರಿಸ್‌ಮಸ್ ರಾಗದಲ್ಲಿಯೇ ತೋರಿಸಬಹುದು. ಅದರ ಮೊದಲ ಸಾಲನ್ನು ನಮ್ಮ ಸ್ವರಗಳಲ್ಲಿ ಹೇಳಿದರೆ ‘ಪ ಸ ಸ ನಿ ಸ ಗ ಗರಿ’. ಏಳು ಅಕ್ಷರ, ಎಂಟು ಎಣಿಕೆ. ಮೂರನೆಯ ಅಕ್ಷರಕ್ಕೆ ಒಂದೂವರೆ ಎಣಿಕೆ ಸಿಗುತ್ತದೆ, ನಾಲ್ಕನೆಯದಕ್ಕೆ ಅರ್ಧ ಮಾತ್ರ, ಏಳನೆಯದಕ್ಕೆ ಎರಡು. ಇಂಗ್ಲಿಷಿನಲ್ಲಿ ಒತ್ತು ನೋಡಿಕೊಂಡರೆ ಸಾಕು, ಕನ್ನಡದಲ್ಲಿ ಗುರು ಲಘು ನೋಡಬೇಕು. ಆ ನಾಲ್ಕನೆಯ ಜಾಗದಲ್ಲಿ ದೀರ್ಘಾಕ್ಷರ ಬಂದರೆ ‘ಯೇಸು’ ಎಂಬುದು ‘ಯೆಸು’ ಆಗುತ್ತದೆ, ಮೂರನೆಯ ಜಾಗದಲ್ಲಿ ಹ್ರಸ್ವ ಬಂದರೆ ‘ಮನ’ ಎಂಬುದು ‘ಮಾನ’ ಆಗುತ್ತದೆ. ಮೂರಕ್ಕೆ ಗುರು, ನಾಲ್ಕಕ್ಕೆ ಲಘು, ಏಳಕ್ಕೆ ಗುರು ಇರುವಂತೆ ಸಾಲನ್ನು ಮೊದಲು ಬಾಯಲ್ಲಿ ಆಡಿ ನೋಡಿ, ತಾಳ ತಟ್ಟಿ ಓದಿ, ಆಮೇಲೆ ರಾಗಕ್ಕೆ ಬನ್ನಿ.